ಒಣಹುಲ್ಲಿನ ಹಾಸಿಗೆಯಿಂದ ರೈಲ್ ಪಾಸ್‌ವರೆಗೆ

ಯುರೋಪಿಗೆ ಹೊರಟ ವಿದ್ಯಾರ್ಥಿಗಳು ನನ್ನನ್ನು ಮೊದಲು ಕೇಳುವುದು, ‘ಎಷ್ಟು ಖರ್ಚಾಗುತ್ತೆ?’ ಎಂದು. ಹಾಸ್ಟೆಲಿನಲ್ಲಿ ಉಳಿಯಿರಿ, ರೈಲ್ ಪಾಸ್ ಕೊಳ್ಳುವ ಮೊದಲು ಲೆಕ್ಕ ಹಾಕಿ, ನಲ್ಲಿ ನೀರು ಕುಡಿಯಿರಿ ಎನ್ನುತ್ತೇನೆ. ಕೇಳುವುದಕ್ಕೆ ಸಪ್ಪೆ ಮಾತುಗಳು. ಆದರೆ ಒಂದೊಂದರ ಹಿಂದೆಯೂ ಒಂದೊಂದು ಕಥೆಯಿದೆ.

18ನೇ ಶತಮಾನದಲ್ಲಿ ಯುರೋಪ್ ಪ್ರವಾಸವೆಂದರೆ ಇಂಗ್ಲೆಂಡಿನ ಸಿರಿವಂತರ ಮಕ್ಕಳು ಮೇಷ್ಟ್ರನ್ನೂ ಆಳುಗಳನ್ನೂ ಕಟ್ಟಿಕೊಂಡು ತಿಂಗಳುಗಟ್ಟಲೆ ಫ್ರಾನ್ಸ್, ಇಟಲಿ ಸುತ್ತುವುದು. ಆ ಲೋಕಕ್ಕೆ ಬಡವರನ್ನು ಬಿಟ್ಟುಕೊಂಡದ್ದು ರೈಲು. 1841ರ ಜುಲೈ 5ರಂದು ಥಾಮಸ್ ಕುಕ್ ಸುಮಾರು 500 ಮಂದಿಯನ್ನು ತಲೆಗೆ ಒಂದು ಶಿಲ್ಲಿಂಗ್‌ನಂತೆ ಲೆಸ್ಟರ್‌ನಿಂದ ಲಫ್‌ಬರೋಗೆ ಕರೆದೊಯ್ದ. ಹೋದದ್ದು ಪಾನನಿರೋಧದ ಸಭೆಗೆ. ಅಗ್ಗದ ಪ್ರವಾಸ ಶುರುವಾದದ್ದು ಹೀಗೆ, ಹೆಂಡ ಬಿಡಿಸುವ ನೆಪದಲ್ಲಿ!

ರೈಲು ಊರು ಮುಟ್ಟಿಸಿತು, ಸರಿ. ರಾತ್ರಿ ಮಲಗುವುದೆಲ್ಲಿ? ಉತ್ತರ ಹುಡುಕಿದವರು ಜರ್ಮನಿಯ ಅಲ್ಟೆನಾ ಎಂಬ ಊರಿನ ಶಾಲಾ ಮೇಷ್ಟ್ರು ರಿಚರ್ಡ್ ಶಿರ್‌ಮನ್. ಮಕ್ಕಳನ್ನು ನಾಲ್ಕು ಗೋಡೆಗಳಾಚೆ ನಡೆಸಿಯೇ ಪಾಠ ಹೇಳಬೇಕೆಂಬುದು ಅವರ ಹಟ. 1909ರ ಆಗಸ್ಟ್ 26ರಂದು ಅವರೂ ಮಕ್ಕಳೂ ಗುಡುಗು ಮಳೆಗೆ ಸಿಕ್ಕಿ, ಹಳ್ಳಿಯೊಂದರ ಶಾಲೆಯಲ್ಲಿ ಒಣಹುಲ್ಲು ಹಾಸಿಕೊಂಡು ಮಲಗಿದರು. ನಿದ್ದೆ ಬಾರದ ಮೇಷ್ಟ್ರಿಗೆ ಹೊಳೆಯಿತು: ರಜೆಯಲ್ಲಿ ಎಲ್ಲ ಶಾಲೆಗಳೂ ಖಾಲಿ ಬಿದ್ದಿರುತ್ತವೆ, ನಡೆದು ಬಂದ ಮಕ್ಕಳಿಗೆ ಅವುಗಳ ಬಾಗಿಲನ್ನು ಯಾಕೆ ತೆರೆಯಬಾರದು? 1912ರಲ್ಲಿ ಅಲ್ಟೆನಾದ ಹಳೆಯ ಕೋಟೆಯೊಳಗೇ ಯುವಜನರ ಹಾಸ್ಟೆಲ್ ಬಂತು. ದೊರೆಗಳ ಕೋಟೆಯಲ್ಲಿ ಶಾಲೆಮಕ್ಕಳು ಮಲಗಿದರು. 1932ರ ಹೊತ್ತಿಗೆ ಅದು ಹಲವು ದೇಶಗಳ ಒಕ್ಕೂಟವಾಗಿತ್ತು. ಮರುವರ್ಷವೇ ಜರ್ಮನಿಯ ಹಾಸ್ಟೆಲುಗಳು ಹಿಟ್ಲರನ ಯುವಪಡೆಯ ಕೈಸೇರಿದವು; ಶಿರ್‌ಮನ್‌ರನ್ನು ಮೂಲೆಗೆ ತಳ್ಳಲಾಯಿತು. ಎಲ್ಲ ದೇಶದ ಮಕ್ಕಳು ಒಂದೇ ಸೂರಿನಡಿ ಮಲಗುವುದು ಕೆಲವರಿಗೆ ಎಂದೂ ಸಹಿಸಿದ್ದಿಲ್ಲ.

ಹಾಸ್ಟೆಲಿನ ಹಂಚಿಕೆಯ ಅಡುಗೆಮನೆಯನ್ನು ಬಿಡಬೇಡಿ. ದಿನಕ್ಕೊಂದು ಹೊತ್ತು ಅನ್ನ ಬೇಯಿಸಿಕೊಂಡರೂ ಉಳಿತಾಯ ದೊಡ್ಡದು. ಲಾಕರಿಗೆ ಬೀಗ ನಿಮ್ಮದೇ ಇರಲಿ.

ಇನ್ನು ನೀರಿನ ಕಥೆ. 1870–71ರ ಮುತ್ತಿಗೆಯಲ್ಲಿ ಪ್ಯಾರಿಸ್ಸಿನ ನೀರಿನ ವ್ಯವಸ್ಥೆ ಹಾಳಾಗಿ, ಬಡವರಿಗೆ ಕುಡಿಯುವ ನೀರೇ ದುಬಾರಿಯಾಯಿತು. ರಿಚರ್ಡ್ ವಾಲೇಸ್ ಎಂಬ ಇಂಗ್ಲಿಷ್ ಸಿರಿವಂತ 1872ರಿಂದ ತನ್ನ ದುಡ್ಡಿನಲ್ಲಿ ಬೀದಿ ಬೀದಿಗೆ ಕಾರಂಜಿ ಹಾಕಿಸಿದ. ನಾಲ್ವರು ಸ್ತ್ರೀಯರು ಗೋಪುರ ಹೊತ್ತು ನಿಂತ ಆ ಹಸಿರು ಅರವಟ್ಟಿಗೆಗಳು ಇಂದಿಗೂ ಇವೆ. ಬಾಟಲಿ ತುಂಬಿಕೊಳ್ಳಿ. ಹೋಟೆಲಿನಲ್ಲಿ ‘ಕರಾಫ್ ದೋ’ ಎಂದರೆ ನಲ್ಲಿ ನೀರನ್ನು ಪುಕ್ಕಟೆ ತಂದಿಡುತ್ತಾರೆ.

ರೈಲ್ ಪಾಸುಗಳಲ್ಲಿ ಯುರೈಲ್ 1959ರಲ್ಲಿ ಹೊರಗಿನವರಿಗೆಂದು ಬಂತು. ಇಂಟರ್‌ರೈಲ್ 1972ರಲ್ಲಿ, 21ರೊಳಗಿನ ಯುರೋಪಿನ ಹುಡುಗರು 21 ದೇಶ ಸುತ್ತಲೆಂದು. ಭಾರತದಿಂದ ಹೋಗುವವರಿಗೆ ಸಿಗುವುದು ಯುರೈಲ್. ಎರಡು ಮೂರು ಊರಷ್ಟೇ ನೋಡುವುದಾದರೆ ಪಾಸ್ ಬೇಡ, ಬಿಡಿ ಟಿಕೆಟ್ಟುಗಳನ್ನು ಮುಂಚೆಯೇ ಕೊಳ್ಳಿ. ಫ್ರಾನ್ಸ್, ಇಟಲಿಯ ವೇಗದ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆ ಹಣ ತೆರಬೇಕು. ಲಕ್ಸೆಂಬರ್ಗ್‌ನಲ್ಲಿ ಮಾತ್ರ 2020ರಿಂದ ಬಸ್ಸು, ಟ್ರಾಮು, ರೈಲಿನ ಎರಡನೇ ದರ್ಜೆ ಎಲ್ಲವೂ ಉಚಿತ.

ಅದೇ ಲಕ್ಸೆಂಬರ್ಗ್‌ನ ಶೆಂಗೆನ್ ಎಂಬ ಪುಟ್ಟ ಊರಿನ ಬಳಿ, ಮೊಸೆಲ್ ನದಿಯ ಹಡಗೊಂದರಲ್ಲಿ, 1985ರ ಜೂನ್ 14ರಂದು ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಕೈಬಿಡಲು ಒಪ್ಪಿದವು. ಒಮ್ಮೆ ಒಳಹೊಕ್ಕರೆ ಪಾಸ್‌ಪೋರ್ಟ್ ತೋರಿಸದೆ ದೇಶಗಳನ್ನು ದಾಟುವ ಸುಖ ಅಲ್ಲಿಂದ ಬಂದದ್ದು. ಒಳಹೋಗುವ ಬಾಗಿಲು ಮಾತ್ರ ನಮಗೆ ಸುಲಭವಲ್ಲ. 2024ರ ಜೂನ್‌ನಿಂದ ವೀಸಾ ಶುಲ್ಕ 90 ಯೂರೋ. ಅರ್ಜಿ ತಿರಸ್ಕೃತವಾದರೆ ಅದು ಹೋದಂತೆಯೇ. 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಹೆಚ್ಚು ದಿನ ಉಳಿಯುವ ದೇಶಕ್ಕೇ ಅರ್ಜಿ ಹಾಕಿ. ಆರು ತಿಂಗಳ ಮುಂಚಿನಿಂದಲೇ ಹಾಕಬಹುದು.

ಊಟ, ನಿದ್ದೆ, ನೀರು, ರೈಲು ಇವೆಲ್ಲವನ್ನೂ ಯಾರೋ ಒಬ್ಬರು ಹಟ ಹಿಡಿದು ಅಗ್ಗ ಮಾಡಿದ್ದಾರೆ. ಅಗ್ಗವಾಗದೆ ಉಳಿದಿರುವುದು ಬಾಗಿಲು. ಖಾಲಿ ಬಿದ್ದಿರುವ ಮನೆಯ ಬಾಗಿಲು ತೆರೆಯಲೇನು ಕಷ್ಟ ಎಂಬ ಆ ಮೇಷ್ಟ್ರ ಪ್ರಶ್ನೆಯನ್ನು ಇನ್ನೂ ಕೇಳುವುದಿದೆ.