ಮರವಂತೆಯಲ್ಲಿ ಒಂದು ರಾತ್ರಿ: ಕಾರಿನ ಡಿಕ್ಕಿಯ ಇತಿಹಾಸ

ಮಳೆಗಾಲ ಮುಗಿದು ಚಳಿ ಶುರುವಾಯ್ತು ಅಂದ್ರೆ ನನಗೆ ಬೆಂಗಳೂರಿನ ಗೆಳೆಯರಿಂದ ಒಂದೇ ಥರದ ಫೋನುಗಳು ಬರ್ತವೆ. ಕಾರಿನಲ್ಲಿ ಬರ್ತೇವೆ, ಮರವಂತೆ ಹತ್ರ ಟೆಂಟ್ ಹಾಕಿ ಒಂದು ರಾತ್ರಿ ಇರ್ತೇವೆ, ಏನೇನು ತುಂಬಿಸಿಕೊಂಡು ಬರಬೇಕು ಹೇಳಿ ಮಾರಾಯ್ರೆ ಅಂತ. ಪಟ್ಟಿ ಕೊಡುವುದು ಸುಲಭ. ಟೆಂಟು, ಹಾಸಿಗೆ, ಮಡಚುವ ಕುರ್ಚಿ, ಒಲೆ, ದೀಪ, ಸೊಳ್ಳೆ ಪರದೆ, ನೀರು. ಆದರೆ ಇತಿಹಾಸ ಓದುವವನ ಕಣ್ಣಿಗೆ ಈ ಪಟ್ಟಿ ಹೊಸತಲ್ಲ. ಸುಮಾರು ಇದೇ ಪಟ್ಟಿ 200 ವರ್ಷಗಳ ಹಿಂದೆ ಇದೇ ದಾರಿಯಲ್ಲಿ ಹೋಗಿದೆ. ಹೋದದ್ದು ಡಿಕ್ಕಿಯಲ್ಲಿ ಅಲ್ಲ, ಮನುಷ್ಯರ ತಲೆಯ ಮೇಲೆ, ಎತ್ತಿನ ಬೆನ್ನ ಮೇಲೆ. ಇವತ್ತಿನ ಮಾತು ಅದರ ಬಗ್ಗೆ.

ಮೊದಲು ಜಾಗ ಹೇಗಿದೆ ಅಂತ ಹೇಳಿಬಿಡ್ತೇನೆ, ನೋಡದವರಿಗಾಗಿ. ಕುಂದಾಪುರದಿಂದ ಬೈಂದೂರಿಗೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಮರವಂತೆ ಸಿಗ್ತದೆ. ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಘಟ್ಟದಿಂದ ಇಳಿದು ಬಂದ ಹೊಳೆ ಇಲ್ಲಿ ಸಮುದ್ರಕ್ಕೆ ಕೂಗಳತೆಯಷ್ಟು ಹತ್ತಿರ ಬಂದು, ಸೇರದೆ ತೆಂಕು ಮುಖ ಮಾಡಿ ಗಂಗೊಳ್ಳಿಯ ಅಳಿವೆಯವರೆಗೆ ಹೋಗ್ತದೆ. ಫೋಟೊಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ, ಒಪ್ಪೋಣ. ಆದರೆ ನಡೆದು ಹೋಗುವವನಿಗೆ ಹೊಳೆ ಅಂದ್ರೆ ಫೋಟೊ ಅಲ್ಲ, ಕಡವು.

ಈ ಕಡವು ಅನ್ನುವ ಪದವನ್ನು ಸ್ವಲ್ಪ ಹಿಡಿದುಕೊಳ್ಳಿ. ಸೇತುವೆಗಳು ಬರುವ ಮೊದಲು ಉಡುಪಿಯಿಂದ ಬೈಂದೂರಿಗೆ ಹೊರಟವನು ಸ್ವರ್ಣೆಯನ್ನು ದಾಟಬೇಕು, ಬ್ರಹ್ಮಾವರ ಕಳೆದ ಮೇಲೆ ಸೀತೆಯನ್ನು ದಾಟಬೇಕು, ಕುಂದಾಪುರದಲ್ಲಿ ಪಂಚಗಂಗಾವಳಿಯ ಅಗಲ ನೀರನ್ನು ದಾಟಬೇಕು. ಪ್ರತಿ ಕಡವಿನಲ್ಲೂ ಗಂಟು ಇಳಿಸು, ದೋಣಿಗೆ ಹಾಕು, ಆಚೆ ದಡದಲ್ಲಿ ಮತ್ತೆ ಹೊರು. ಹಾಗಾಗಿ ನಮ್ಮ ಹಿರಿಯರ ಗಂಟು ಚಿಕ್ಕದಿತ್ತು. ಒಂದು ಚಾಪೆ, ಹೊದೆಯಲು ಒಂದು ಪಂಚೆ, ಅವಲಕ್ಕಿ, ಬೆಲ್ಲ, ಮಿಡಿ ಉಪ್ಪಿನಕಾಯಿ. ರಾತ್ರಿಗೆ ತೆಂಗಿನ ಗರಿಯ ಸೂಡಿ, ಅದನ್ನೂ ಮನೆಯಿಂದ ಹೊರಬೇಕಾಗಿಲ್ಲ, ದಾರಿ ಬದಿಯ ಮನೆಯಲ್ಲಿ ಕೇಳಿದರೆ ಕೊಡ್ತಾರೆ. ನೀರಿಗೆ ಅರವಟ್ಟಿಗೆ, ಕೂರಲು ಅಶ್ವತ್ಥಕಟ್ಟೆ, ಮಲಗಲು ಯಾರದೋ ಮನೆಯ ಜಗಲಿ ಅಥವಾ ದೇವಸ್ಥಾನದ ಚಂದ್ರಶಾಲೆ. ನಾವು ಇವತ್ತು ಡಿಕ್ಕಿಯಲ್ಲಿ ಹಾಕಿಕೊಳ್ಳುವ ಅರ್ಧ ಸಾಮಾನು ಆಗ ದಾರಿಯಲ್ಲೇ ಇತ್ತು.

ಹಾಗಂತ ಅದನ್ನು ಸುವರ್ಣಯುಗ ಅಂತ ಹೇಳುವ ಆಸೆ ನನಗಿಲ್ಲ. ಯಾವ ಜಗಲಿ ಯಾರಿಗೆ ಅನ್ನುವುದನ್ನು ಜಾತಿ ನಿರ್ಧರಿಸ್ತಿತ್ತು. ಜಗಲಿ ಸಿಗದವನು ಮರದ ಬುಡದಲ್ಲಿ ಮಲಗಿದ. ಅವನ ಗಂಟಿನ ವಿವರ ಯಾರೂ ಬರೆದಿಡಲಿಲ್ಲ.

ಬರೆದಿಟ್ಟದ್ದು ಸಾಹೇಬರುಗಳದ್ದು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕೆನರಾ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೋ. ಇಲ್ಲಿಗೆ ಬರುವ ಮೊದಲು ಬಾರಾಮಹಲಿನಲ್ಲಿ ವರ್ಷಗಟ್ಟಲೆ ಡೇರೆಯಲ್ಲೇ ಇದ್ದು, ಊರೂರು ತಿರುಗಿ ಕಂದಾಯ ಗೊತ್ತು ಮಾಡಿದ ಮನುಷ್ಯ. ಅವನ ಹಿಂದೆಯೇ, 1801ರ ಆರಂಭದಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಕೆನರಾ ಕರಾವಳಿಯಲ್ಲಿ ತೆಂಕಿನಿಂದ ಬಡಗಿಗೆ ಹೋದ. ಕುಂದಾಪುರ, ಬೈಂದೂರು ಎರಡೂ ಅವನ ಪ್ರವಾಸ ಕಥನದಲ್ಲಿ ಉಂಟು, ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯ್ತು. ಭತ್ತ, ತೆಂಗು, ಉಪ್ಪು, ಕಂದಾಯ ಎಲ್ಲ ಬರೆದ. ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳಿಸಿದ್ದೇ ಅದಕ್ಕೆ.

ಮುಂದಿನ ನೂರು ವರ್ಷಗಳಲ್ಲಿ ಈ ಡೇರೆ ಸಂಸಾರ ಒಂದು ಕಲೆಯೇ ಆಯ್ತು. ಅಧಿಕಾರಿ ಕ್ಯಾಂಪ್ ಹೊರಟರೆ ಎರಡು ಜೊತೆ ಡೇರೆ. ಒಂದರಲ್ಲಿ ಸಾಹೇಬರು ಮಲಗಿರುವಾಗ ಇನ್ನೊಂದು ರಾತ್ರೋರಾತ್ರಿ ಮುಂದಿನ ಊರಿಗೆ ಹೋಗಿ ಎದ್ದು ನಿಂತಿರಬೇಕು, ಬೆಳಗಿನ ತಿಂಡಿ ಅಲ್ಲಿ ತಯಾರಿರಬೇಕು. ಮಡಚುವ ಮಂಚ, ಹಗ್ಗ ಬಿಗಿದರೆ ನಿಲ್ಲುವ ರೂರ್ಕಿ ಕುರ್ಚಿ, ಹಾಸಿಗೆ ಸುತ್ತುವ ಹೋಲ್ಡಾಲು, ಸೊಳ್ಳೆ ಪರದೆ. ಡೇರೆ ಹೊಡೆಯಲೆಂದೇ ಕಲಾಸಿಗಳು. ಇಷ್ಟನ್ನು ಹೊರುವವರು ಯಾರು? ಬಿಟ್ಟಿ ಅಂತ ನಾವು ಈಗ ಪುಕ್ಕಟೆಗೆ ಹೇಳ್ತೇವಲ್ಲ, ಆ ಪದ ಸಂಸ್ಕೃತದ ವಿಷ್ಟಿಯಿಂದ ಬಂದದ್ದು, ಅರ್ಥ ಕೂಲಿಯಿಲ್ಲದ ಬಲವಂತದ ದುಡಿತ. ಅರಸರ ಕಾಲದಿಂದಲೂ ಇದ್ದ ಪದ್ಧತಿ, ಕಂಪನಿಯವರು ಕಂಡುಹಿಡಿದದ್ದಲ್ಲ. ಡೇರೆಯೊಳಗಿನ ಆರಾಮಕ್ಕೂ ಈ ಪದಕ್ಕೂ ನೇರ ಸಂಬಂಧ ಉಂಟು.

ಇದು ಇಲ್ಲಿಯ ಕಥೆ ಮಾತ್ರ ಅಂತ ಭಾವಿಸಬೇಡಿ. ಕಾರಿನಲ್ಲಿ ಹೋಗಿ ಬಯಲಲ್ಲಿ ಮಲಗುವ ಶೋಕಿಯನ್ನು ಅಮೆರಿಕದಲ್ಲಿ ಜನಪ್ರಿಯ ಮಾಡಿದವರಲ್ಲಿ ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟಯರಿನ ಫೈರ್‌ಸ್ಟೋನ್, ಲೇಖಕ ಜಾನ್ ಬರೋಸ್ ಮುಖ್ಯರು. 1915ರಿಂದ 1924ರ ನಡುವೆ ಅವರ ತಂಡ ಮತ್ತೆ ಮತ್ತೆ ಹೊರಟಿತು, 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೂಡ ಬಂದು ಸೇರಿಕೊಂಡ. ಅಲೆಮಾರಿಗಳು ಅಂತ ತಮ್ಮನ್ನು ಕರೆದುಕೊಳ್ತಿದ್ದರು. ಅಲೆಮಾರಿಗಳ ಜೊತೆ ಅಡುಗೆಗೇ ಬೇರೆ ವಾಹನ, ಅಡುಗೆಯವರು, ಬ್ಯಾಟರಿ ದೀಪ! ಮನ್ರೋ ಕಾಲದ ಕ್ಯಾಂಪಿಗೆ ಗಾಲಿ ಬಂತು, ಅಷ್ಟೇ.

ನನ್ನನ್ನು ಕೇಳಿದರೆ ಸಾಮಾನು ಕಟ್ಟುವುದನ್ನು ಕಲಿಯಬೇಕಾದ್ದು ಇವರಿಂದಲ್ಲ. ನಮ್ಮ ಕಣ್ಣೆದುರೇ ಬೇರೆ ಗುರುಗಳಿದ್ದಾರೆ, ಯಕ್ಷಗಾನ ಮೇಳದವರು. ಮಾರಣಕಟ್ಟೆ, ಮಂದಾರ್ತಿ, ಸಾಲಿಗ್ರಾಮ, ಪೆರ್ಡೂರು. ಮಳೆ ನಿಂತ ಮೇಲೆ ತಿರುಗಾಟಕ್ಕೆ ಹೊರಟರೆ ಮುಂದಿನ ಮಳೆ ಹತ್ತಿರ ಬರುವವರೆಗೆ ದಿನಕ್ಕೊಂದು ಊರು. ಲಾರಿ ಬಸ್ಸು ಬರುವ ಮುಂಚೆ ಕಲಾವಿದರು ಕಾಲ್ನಡಿಗೆ, ವೇಷದ ಪೆಟ್ಟಿಗೆಗಳು ಆಳುಗಳ ತಲೆಯ ಮೇಲೆ. ಬೆಳಗಿನ ಜಾವ ಆಟ ಮುಗಿಸಿ, ಬಣ್ಣ ತೆಗೆದು, ಪೆಟ್ಟಿಗೆ ಕಟ್ಟಿ, ನಡೆದು, ಮುಂದಿನ ಊರಿನ ಬಿಡಾರ ಸೇರಿ ನಿದ್ದೆ. ಸಂಜೆ ಮತ್ತೆ ಚೌಕಿಯಲ್ಲಿ ಪೆಟ್ಟಿಗೆ ಬಿಚ್ಚಬೇಕು, ಅದೂ ಮಂಕು ಬೆಳಕಿನಲ್ಲಿ. ಕೇದಗೆ ಮುಂದಲೆ ಒಂದು ಕಡೆ, ಗೆಜ್ಜೆ ಒಂದು ಕಡೆ ಹೋದರೆ ವೇಷ ಏಳುವುದಿಲ್ಲ. ಆದ್ದರಿಂದ ಎಲ್ಲದಕ್ಕೂ ಅದರದ್ದೇ ಜಾಗ, ತೆಗೆದದ್ದು ಅಲ್ಲಿಗೇ ವಾಪಸ್. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಟಿಕೆಟ್ ಆಟಗಳು ಬಂದಾಗ ಇದೇ ಮೇಳಗಳು ಇಡೀ ಡೇರೆಯನ್ನೇ ಕಟ್ಟಿ, ಬಿಚ್ಚಿ, ಸಾಗಿಸತೊಡಗಿದವು. ಗ್ಯಾಸ್‌ಲೈಟ್ ಅಂತ ನಾವು ಕರೆಯುವ ಪೆಟ್ರೋಮ್ಯಾಕ್ಸ್ ದೀಪ ಜರ್ಮನಿಯಿಂದ ಬಂದು ನಮ್ಮ ಗದ್ದೆಗಳನ್ನು ಬೆಳಗಿದ್ದೂ ಹೀಗೇ, ಆಟದ ರಾತ್ರಿಗಳಲ್ಲಿ.

ಈಗ ಗೆಳೆಯರ ಪ್ರಶ್ನೆಗೆ ಬರುವ.

ಮೊದಲನೆಯದು ನೀರು. ಮರವಂತೆಯಲ್ಲಿ ಎರಡೂ ಕಡೆ ನೀರು, ಆದರೆ ಕುಡಿಯುವಂಥದ್ದಲ್ಲ. ಸೌಪರ್ಣಿಕೆಗೆ ಇಲ್ಲಿ ಭರತದ ಜೊತೆ ಕಡಲಿನ ಉಪ್ಪು ನೀರು ಏರಿ ಬರ್ತದೆ, ಬೇಸಗೆಯಲ್ಲಿ ಇನ್ನೂ ಹೆಚ್ಚು. ಅರವಟ್ಟಿಗೆ ಈಗ ಇಲ್ಲ. ಕುಡಿಯಲು, ಅಡುಗೆಗೆ ತಲಾ 4 ಲೀಟರ್ ಲೆಕ್ಕ ಹಾಕಿ, ದೊಡ್ಡ ಕ್ಯಾನಿನಲ್ಲಿ ತನ್ನಿ. ಸಣ್ಣ ಪ್ಲಾಸ್ಟಿಕ್ ಬಾಟಲಿಗಳ ಕಟ್ಟು ಬೇಡ, ಅವು ಬೆಳಿಗ್ಗೆ ಎಲ್ಲಿರ್ತವೆ ಅಂತ ಮರಳಿನ ಮೇಲೆ ನಡೆದವರಿಗೆ ಗೊತ್ತು. ಕೈಕಾಲಿನ ಉಪ್ಪು ತೊಳೆಯಲಿಕ್ಕೆ ಬೇರೆ ನೀರು ಬೇಕು. ಕರ್ಕಾಟಕ ಅಮಾವಾಸ್ಯೆಗೆ ಇಲ್ಲಿಯ ವರಾಹ ದೇವಸ್ಥಾನದ ಜಾತ್ರೆಗೆ ಬಂದು ಕಡಲಿನಲ್ಲಿ ಮೀಯುವ ಹೊಸ ಜೋಡಿಗಳ ಕೈಯಲ್ಲೂ ಒಣಬಟ್ಟೆಯ ಚೀಲ ಇರ್ತದೆ, ನೀವೂ ಅದನ್ನು ಮರೆಯಬೇಡಿ.

ಎರಡನೆಯದು ಗೂಟ. ಟೆಂಟಿನ ಜೊತೆ ಬರುವ ಕಬ್ಬಿಣದ ಕಡ್ಡಿ ಮರಳಿನಲ್ಲಿ ನಿಲ್ಲುವುದಿಲ್ಲ. ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳ ಹೂಳಿ. ಸಂಜೆ ಗಾಳಿ ಕಡಲಿನಿಂದ, ಬೆಳಗಿನ ಜಾವ ನೆಲದ ಕಡೆಯಿಂದ. ಟೆಂಟಿಗೆ ಎರಡೂ ಕಡೆ ಬಾಗಿಲಿದ್ದರೆ ನೀವು ಪುಣ್ಯವಂತರು. ಮೇಲೆ ಒಂದು ಟಾರ್ಪಲ್ ಕಟ್ಟಲೇಬೇಕು, ಮಳೆಗಲ್ಲ, ಇಬ್ಬನಿಗೆ. ಕೆಳಗೆ ದಪ್ಪ ಚಾಪೆ, ಅದರ ಮೇಲೆ ಹಾಸಿಗೆ. ಹೊದೆಯಲು ಹತ್ತಿಯ ಬಟ್ಟೆ ಸಾಕು, ಹಿಮಾಲಯದ ಸ್ಲೀಪಿಂಗ್ ಬ್ಯಾಗಿನಲ್ಲಿ ಇಲ್ಲಿ ಬೆಂದುಹೋಗ್ತೀರಿ. ಹೊಳೆಯ ಕಡೆಯ ಸೊಳ್ಳೆಗೆ ಪರದೆ.

ಒಲೆಗೆ ಗಾಳಿ ಮರೆ ಬೇಕು. ಅಡುಗೆ ಆದಷ್ಟು ಕಡಿಮೆ ಮಾಡಿ. ಅವಲಕ್ಕಿ, ಬಾಳೆಹಣ್ಣು, ಹಲಸಿನ ಎಲೆಯ ಕೊಟ್ಟೆ ಕಡುಬು ಸಿಕ್ಕರೆ ಅದು, ಕುಂದಾಪುರದಲ್ಲಿ ಕಟ್ಟಿಸಿಕೊಂಡರೆ ರಾತ್ರಿಗೆ ಸಾಕು. ದೀಪ ಮಂದ ಇರಲಿ. ಈ ಕರಾವಳಿಯಲ್ಲಿ, ಕುಂದಾಪುರದ ಕೋಡಿಯಲ್ಲಂತೂ, ಕಡಲಾಮೆಗಳು ಮರಳಿಗೆ ಬಂದು ಮೊಟ್ಟೆ ಇಡ್ತವೆ. ಜೋರು ಬೆಳಕು ಕಂಡರೆ ತಾಯಿ ಹಿಂದಕ್ಕೆ ಹೋಗ್ತದೆ, ಮರಿಗಳು ಕಡಲು ಬಿಟ್ಟು ರಸ್ತೆ ಕಡೆ ಬರ್ತವೆ.

ಇನ್ನು ಎಲ್ಲಿ ಟೆಂಟ್ ಹಾಕುವುದು? ಹೆದ್ದಾರಿ ಬದಿಯಲ್ಲಿ ಬೇಡ, ಲಾರಿಗಳು ರಾತ್ರಿಯಿಡೀ ಓಡ್ತವೆ. ನೀರಂಚಿನಲ್ಲಿ ಬೇಡ, ಭರತ ಎಲ್ಲಿಯವರೆಗೆ ಬರ್ತದೆ ಅಂತ ಬೆಂಗಳೂರಿನವರಿಗೆ ಗೊತ್ತಾಗುವುದಿಲ್ಲ. ಈ ಕಡಲು ಕೊರೆಯುವ ಕಡಲು, ದಂಡೆಗೆ ಸುರಿದ ಕರಿಕಲ್ಲುಗಳನ್ನು ನೋಡಿದರೆ ತಿಳೀತದೆ. ಜೂನ್‌ನಿಂದ ಸೆಪ್ಟೆಂಬರ್ ಅಂತೂ ಯೋಚನೆಯೇ ಬೇಡ. ಒಳಗಿನ ತೆಂಗಿನ ತೋಟದವರನ್ನು ಕೇಳಿ, ಬಾಡಿಗೆ ಕೊಟ್ಟು, ಅವರ ಅಂಗಳದಲ್ಲಿ ಹಾಕಿ. ಕೇಳಿ ಮಲಗುವುದು ಈ ದಾರಿಯ ಹಳೇ ಕ್ರಮವೇ. ಬಾವಿ ನೀರು, ಶೌಚಾಲಯ ಎರಡೂ ಸಿಗ್ತವೆ, ಡಿಕ್ಕಿಯ ಕಾಲು ಭಾಗ ಖಾಲಿಯಾಗ್ತದೆ.

ಆ ಖಾಲಿ ಜಾಗಕ್ಕೆ ಎರಡು ದಪ್ಪ ಗೋಣಿಚೀಲ ಹಾಕಿಕೊಳ್ಳಿ, ಕಸಕ್ಕೆ. ಕಲೆಕ್ಟರರ ಕ್ಯಾಂಪ್ ಎದ್ದು ಹೋದ ಮೇಲೆ ಬಯಲು ಗುಡಿಸಿದವರು ಊರವರು. ಈಗಲೂ ಸೋಮವಾರ ಬೆಳಿಗ್ಗೆ ಮರವಂತೆಯಲ್ಲಿ ಬಾಟಲಿ ಹೆಕ್ಕುವವರು ಬೆಂಗಳೂರಿನಿಂದ ಬಂದವರಲ್ಲ. ತಂದದ್ದನ್ನು ಕಾರೇ ಹೊತ್ತು ತಂದಿದೆ, ವಾಪಸ್ ಹೊರಲಿಕ್ಕೂ ಅದಕ್ಕೇನೂ ಕಷ್ಟ ಇಲ್ಲ.