ಸೀಸದ ಬೆಟ್ಟದ ಬಿಲ್ಲುಗಾರರು

ಯುದ್ಧದಾಟದ ಪುಟ್ಟ ಸೈನಿಕರನ್ನು ಆಸೆಯಿಂದ ಕೊಂಡು, ಬಣ್ಣ ಹಚ್ಚದೆ ಡಬ್ಬಿಗಳಲ್ಲಿ ಪೇರಿಸಿಟ್ಟ ರಾಶಿಗೆ ಈ ಹವ್ಯಾಸದವರು ‘ಸೀಸದ ಬೆಟ್ಟ’ ಎನ್ನುತ್ತಾರೆ. ಹಿಂದೆ ಈ ಗೊಂಬೆಗಳನ್ನು ಸೀಸದಲ್ಲಿ ಎರಕ ಹೊಯ್ಯುತ್ತಿದ್ದರು. ಈಗ ಪ್ಲಾಸ್ಟಿಕ್ ಬಂದಿದ್ದರೂ ಹೆಸರು ಮಾತ್ರ ಉಳಿದುಕೊಂಡಿದೆ. ಮೇಜಿನ ಮೇಲೆ ಎರಡು ಸೇನೆಗಳನ್ನು ಎದುರುಬದುರು ನಿಲ್ಲಿಸಿ, ಅಳತೆಪಟ್ಟಿ ಹಿಡಿದು ಮುನ್ನಡೆಸಿ, ಸತ್ತವರ್ಯಾರು ಎಂಬುದನ್ನು ದಾಳ ಎಸೆದು ತೀರ್ಮಾನಿಸುವ ಆಟ ಇದು. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ‘ಲಿಟಲ್ ವಾರ್ಸ್’ ಪುಸ್ತಕ ಬರೆದು ಇಂಥ ಆಟಕ್ಕೊಂದು ನಿಯಮಾವಳಿ ಕಟ್ಟಿಕೊಟ್ಟ. ನನಗೆ ಆಡುವುದಕ್ಕಿಂತ ಬಣ್ಣ ಹಚ್ಚುವುದರಲ್ಲೇ ಖುಷಿ.

ನನ್ನ ಬೆಟ್ಟದಲ್ಲಿರುವುದು 1415ರ ಅಕ್ಟೋಬರ್ 25ರಂದು ಫ್ರಾನ್ಸಿನ ಅಜಿನ್‌ಕೋರ್ಟ್‌ನಲ್ಲಿ ಕಾದಾಡಿದ ಐದನೆಯ ಹೆನ್ರಿಯ ಸೇನೆ. ಎತ್ತರ 28 ಮಿಲಿಮೀಟರ್. ಕವಚಧಾರಿಗಳು 14 ಮಂದಿ, ಬಿಲ್ಲುಗಾರರು 42 ಮಂದಿ. ಹೆನ್ರಿ ತನ್ನ ದಳಪತಿಗಳೊಂದಿಗೆ ಮಾಡಿಕೊಂಡ ಕರಾರುಗಳಲ್ಲಿ ಸಾಮಾನ್ಯವಾಗಿದ್ದ ಲೆಕ್ಕವೂ ಇದೇ, ಒಬ್ಬ ಕವಚಧಾರಿಗೆ ಮೂವರು ಬಿಲ್ಲುಗಾರರು. ಕವಚಧಾರಿಗಳೆಲ್ಲ ಮುಗಿದು ವರ್ಷವಾಯಿತು. ಉಳಿದದ್ದು ಬಿಲ್ಲುಗಾರರ ರಾಶಿ. ಬೇರೆಯವರ ಡಬ್ಬಿಗಳಲ್ಲೂ ಬೂದುಬಣ್ಣದಲ್ಲೇ ಉಳಿದವರು ಬಹುಮಟ್ಟಿಗೆ ಇವರೇ.

ಇದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ಕವಚಧಾರಿಗೆ ಬಣ್ಣ ಹಚ್ಚುವುದು ಸುಲಭ, ಏಕೆಂದರೆ ಅವನ ಬಣ್ಣ ದಾಖಲೆಯಲ್ಲಿದೆ. ಆ ದಿನ ಸತ್ತ ಸಫೋಕ್‌ನ ಅರ್ಲ್ ಮೈಕೆಲ್ ಡಿ ಲಾ ಪೋಲ್‌ನ ಲಾಂಛನ ಬೇಕೆಂದರೆ ಒಂದು ನಿಮಿಷದಲ್ಲಿ ಸಿಗುತ್ತದೆ: ನೀಲಿ ನೆಲ, ನಡುವೆ ಅಡ್ಡ ಚಿನ್ನದ ಪಟ್ಟಿ, ಸುತ್ತ ಮೂರು ಚಿನ್ನದ ಚಿರತೆಮುಖಗಳು. ಯಾರ್ಕ್‌ನ ಡ್ಯೂಕ್ ಎಡ್ವರ್ಡನಿಗೆ ರಾಜಲಾಂಛನದ ಮೇಲೊಂದು ಬಿಳಿ ಪಟ್ಟಿ, ಅದರ ಮೂರು ಇಳಿಜೋಲುಗಳಲ್ಲಿ ತಲಾ ಮೂರು ಕೆಂಪು ಚುಕ್ಕಿ. ಆ ಒಂಬತ್ತು ಚುಕ್ಕಿ ಇಡುವಷ್ಟರಲ್ಲಿ ಕಣ್ಣು ಹೋಗುತ್ತದೆ ನಿಜ, ಆದರೆ ಅನುಮಾನವಂತೂ ಇರುವುದಿಲ್ಲ.

ಬಿಲ್ಲುಗಾರನ ಅಂಗಿ ಯಾವ ಬಣ್ಣದ್ದು? ಇಡೀ ಸೇನೆಗೆ ಒಂದೇ ಸಮವಸ್ತ್ರ ಇರಲಿಲ್ಲ. 1385ರ ಸ್ಕಾಟ್ಲೆಂಡ್ ದಂಡಯಾತ್ರೆಯ ಕಟ್ಟಳೆ ಪ್ರತಿಯೊಬ್ಬನೂ ಸಂತ ಜಾರ್ಜನ ಕೆಂಪು ಶಿಲುಬೆ ಧರಿಸಬೇಕೆಂದು ಹೇಳುತ್ತದೆ. ಶಿಲುಬೆಯ ಹಿಂದಿನ ಬಟ್ಟೆಯ ಬಗ್ಗೆ ನಾನು ಊಹಿಸಬೇಕು. ಚಿತ್ರಗಳನ್ನು ನಂಬುವಂತಿಲ್ಲ. ನೂರು ವರ್ಷಗಳ ಯುದ್ಧದ ಜನಪ್ರಿಯ ಚಿತ್ರಗಳಲ್ಲಿ ಎಷ್ಟೋ ಅರ್ಧ ಶತಮಾನ, ಕೆಲವು ಒಂದು ಶತಮಾನವೇ ತಡವಾಗಿ ಬರೆದವು. ಅಲ್ಲಿ ತಾತಂದಿರ ಯುದ್ಧವನ್ನು ಮೊಮ್ಮಕ್ಕಳ ಕಾಲದ ಕವಚ ತೊಟ್ಟು ಆಡುತ್ತಾರೆ, ಬಟ್ಟೆಗೆ ಒಂದು ಹನಿ ಕೆಸರು ಅಂಟಿರುವುದಿಲ್ಲ.

ಹೆಸರುಗಳ ಕಥೆಯೇ ಬೇರೆ. ಷೇಕ್ಸ್‌ಪಿಯರ್‌ನ ನಾಟಕದಲ್ಲಿ ಯುದ್ಧದ ಕೊನೆಗೆ ಹೆನ್ರಿ ಇಂಗ್ಲಿಷರ ಸಾವಿನ ಪಟ್ಟಿ ಓದುತ್ತಾನೆ. ನಾಲ್ವರ ಹೆಸರು ಹೇಳಿ ಉಳಿದವರನ್ನು ಒಂದು ಸಂಖ್ಯೆಯಲ್ಲಿ ಮುಗಿಸುತ್ತಾನೆ. ಆದರೆ ಲಂಡನ್ನಿನ ಕ್ಯೂ ಬಡಾವಣೆಯ ರಾಷ್ಟ್ರೀಯ ಪತ್ರಾಗಾರದಲ್ಲಿ ಆ ಕಾಲದ ಹಾಜರಿ ಪಟ್ಟಿಗಳಿವೆ, ಅವುಗಳಲ್ಲಿ ಸಾಲುಸಾಲಾಗಿ ಬಿಲ್ಲುಗಾರರ ಹೆಸರುಗಳಿವೆ. ಬರೆಸಿದ್ದು ಗೌರವಕ್ಕಲ್ಲ, ಸಂಬಳಕ್ಕೆ. ಕವಚಧಾರಿಗೆ ದಿನಕ್ಕೆ 12 ಪೆನ್ನಿ, ಬಿಲ್ಲುಗಾರನಿಗೆ 6. ಇಲ್ಲದವನ ಹೆಸರಿನಲ್ಲಿ ದಳಪತಿ ದುಡ್ಡು ಎತ್ತಬಾರದಲ್ಲ! ನನ್ನ ಪಿಎಚ್‌ಡಿ ವಿಷಯ ವೀರಗಲ್ಲುಗಳು. ತುರುಗಳನ್ನು ಬಿಡಿಸಲು ಹೋಗಿ ಸತ್ತ ಊರಿನವನ ಹೆಸರೂ ಅಲ್ಲಿ ಸಿಗುವುದುಂಟು. ಲೆಕ್ಕದ ಗುಮಾಸ್ತನೂ ಕಲ್ಲುಕುಟಿಗನೂ ಬೇರೆಬೇರೆ ಕಾರಣಕ್ಕೆ ಮಾಡಿದ ಕೆಲಸ ಒಂದೇ ಬಗೆಯದು. ಬಟ್ಟೆಯ ಬಣ್ಣವನ್ನು ಮಾತ್ರ ಇಬ್ಬರೂ ಹೇಳುವುದಿಲ್ಲ. ಪ್ರಬಂಧದಲ್ಲಾದರೆ ‘ಆಧಾರ ದೊರೆತಿಲ್ಲ’ ಎಂದು ಬರೆದು ಮುಂದಿನ ಅಧ್ಯಾಯಕ್ಕೆ ಹೋಗುತ್ತೇನೆ. ಗೊಂಬೆಯ ಮೈಮೇಲೆ ಆಧಾರ ದೊರೆಯದ ಜಾಗವನ್ನು ಖಾಲಿ ಬಿಡಲಾಗುವುದಿಲ್ಲ.

ಹಾಗಾಗಿ ಬಣ್ಣದ ಡಬ್ಬಿ ಬಿಟ್ಟು ಗಿಡಗಳ ಕಡೆ ಹೋದೆ. ಅಲ್ಲಿನ ಬಡವರ ಉಣ್ಣೆಬಟ್ಟೆಗೆ ಸಿಗುತ್ತಿದ್ದ ಮುಖ್ಯ ಬಣ್ಣಗಳು ಮೂರು. ವೋಡ್ ಎಲೆಯ ನೀಲಿ, ವೆಲ್ಡ್ ಗಿಡದ ಹಳದಿ, ಮ್ಯಾಡರ್ ಬೇರಿನ ಕೆಂಪು. ವೋಡ್‌ನಲ್ಲಿರುವ ಬಣ್ಣ ನಮ್ಮ ನೀಲಿಗಿಡದ್ದೇ. ಮ್ಯಾಡರ್ ನಮ್ಮ ಮಂಜಿಷ್ಠದ ದಾಯಾದಿ. ಹಳದಿಯ ಮೇಲೆ ನೀಲಿ ಅದ್ದಿದರೆ ಹಸಿರು. ಬಣ್ಣವೇ ಹಾಕದ ಉಣ್ಣೆಯ ಬೂದು, ಕಂದು ಬೇರೆ. ಈಗ ನನ್ನ ಮೇಜಿನ ಮೇಲೆ ಇಷ್ಟೇ ಬಣ್ಣಗಳಿವೆ, ಅವುಗಳಿಗೂ ಸ್ವಲ್ಪ ಬಿಳಿ ಬೆರೆಸಿ ಒಗೆದು ಮಾಸಿದಂತೆ ಮಾಡುತ್ತೇನೆ.

ಕೆಸರಿಗೆ ಮಾತ್ರ ಗಟ್ಟಿ ಆಧಾರವಿದೆ. ಹಿಂದಿನ ರಾತ್ರಿಯಿಡೀ ಮಳೆ. ಅದಕ್ಕೂ ಮೊದಲು ಹಾರ್‌ಫ್ಲರ್ ಮುತ್ತಿಗೆಯಲ್ಲಿ ಸೇನೆಗೆ ರಕ್ತಭೇದಿ ಬಡಿದಿತ್ತು. ಬಿಲ್ಲುಗಾರರಲ್ಲಿ ಹೆಚ್ಚಿನವರಿಗೆ ಕವಚವಿರಲಿಲ್ಲ, ಕಾಲುಚೀಲ ಸಡಿಲಿಸಿ ಇಳಿಬಿಟ್ಟಿದ್ದರು, ಕೆಲವರು ಬರಿಗಾಲಲ್ಲಿದ್ದರು ಎಂದು ಆ ಕಾಲದ ಫ್ರೆಂಚ್ ಚರಿತ್ರೆಕಾರರು ಬರೆದಿದ್ದಾರೆ. ಅಂಗಡಿಯಲ್ಲಿ ಸಿಗುವ ನೀಟಾದ ಗೊಂಬೆಗಳ ಮೇಲೆ ಈ ವಾಕ್ಯವನ್ನು ಹೇಗೆ ಹಚ್ಚುವುದು?

ಅವರನ್ನು ಪಾಪದವರೆಂದು ಮುದ್ದು ಮಾಡಲೂ ಮನಸ್ಸು ಒಪ್ಪುವುದಿಲ್ಲ. ಗೆಲುವು ಹತ್ತಿರವಾದಾಗ ಫ್ರೆಂಚರು ಮತ್ತೆ ಮೇಲೆ ಬೀಳುತ್ತಾರೆಂಬ ಸುದ್ದಿಗೆ ಹೆದರಿ ಹೆನ್ರಿ ಸೆರೆಯಾಳುಗಳನ್ನು ಕೊಲ್ಲಲು ಆಜ್ಞೆ ಕೊಟ್ಟ. ಸೆರೆಯಾಳೆಂದರೆ ಒತ್ತೆಹಣ, ಹಿಡಿದವರು ಹಿಂಜರಿದರು. ಆಗ ಆ ಕೆಲಸಕ್ಕೆ ಒಬ್ಬ ಸರದಾರನ ಕೈಕೆಳಗೆ ಇನ್ನೂರು ಬಿಲ್ಲುಗಾರರನ್ನು ಹಚ್ಚಿದ ಎಂದು, ಫ್ರೆಂಚ್ ಪಾಳಯದಲ್ಲಿದ್ದು ಆ ಕಾಳಗ ಕಂಡ ವಾವ್ರಾಂ ಬರೆಯುತ್ತಾನೆ. ನನ್ನ 42 ಮಂದಿಯ ಸೊಂಟದಲ್ಲೂ ಒಂದೊಂದು ಚಿಕ್ಕ ಕತ್ತಿ ಇದೆ. ಅದಕ್ಕೆ ಬೆಳ್ಳಿಬಣ್ಣ ತಾಗಿಸುವಾಗ ಕೈ ಸ್ವಲ್ಪ ನಿಧಾನವಾಗುತ್ತದೆ.

ಇಲ್ಲಿಯವರೆಗೆ 19 ಮಂದಿ ಮುಗಿದಿದ್ದಾರೆ. ಒಂದೇ ಬಣ್ಣದ ಅಂಗಿ ಅಕ್ಕಪಕ್ಕ ಬಾರದಂತೆ ನೋಡಿಕೊಂಡಿದ್ದೇನೆ. ಮೂವರ ಬೂಟುಗಳನ್ನು ಅಲಗಿನಿಂದ ಕೆರೆದು, ಬೆರಳುಗಳ ಗೆರೆ ಕೊರೆದು, ಮೈಬಣ್ಣ ಹಚ್ಚಿ ಬರಿಗಾಲು ಮಾಡಿದೆ. ಆಮೇಲೆ ಮೊಣಕಾಲಿನವರೆಗೂ ಕೆಸರು ಬಳಿದದ್ದರಿಂದ ಆ ಬೆರಳುಗಳು ಈಗ ಯಾರಿಗೂ ಕಾಣುವುದಿಲ್ಲ.