ಹುಚ್ಚಾಸ್ಪತ್ರೆ ರಿಜಿಸ್ಟರ್‌ನಲ್ಲಿ ಗಾಂಜಾ

'ಗಾಂಜಾದಿಂದ ಏನೂ ಆಗಲ್ಲ, ಬ್ರಿಟಿಷರೇ ಬರೆದಿಟ್ಟಿದ್ದಾರೆ' ಅಂತ ವಾದ ಮಾಡೋರು ತೋರಿಸೋದು 1894ರ ಭಾರತದ ಗಾಂಜಾ ಆಯೋಗದ ವರದಿಯನ್ನ. ಅದರಲ್ಲಿ ನನ್ನನ್ನ ಹಿಡಿದು ಕೂರಿಸಿದ್ದು ಹುಚ್ಚಾಸ್ಪತ್ರೆಗಳ ದಾಖಲೆಯ ಭಾಗ. 1892ರಲ್ಲಿ ದಾಖಲಾದವರ ಪೈಕಿ 222 ಜನರಿಗೆ ಗಾಂಜಾ, ಭಂಗಿಯಿಂದಲೇ ಹುಚ್ಚು ಹಿಡಿದಿದೆ ಅಂತ ಬರೆದಿತ್ತು. ಆಯೋಗ ಒಂದೊಂದನ್ನೇ ಮತ್ತೆ ವಿಚಾರಿಸಿತು. ಗಾಂಜಾ ಪಾತ್ರ ಇದೆ ಅನ್ನಬಹುದಾದವು ಉಳಿದದ್ದು 98. ಎಷ್ಟೋ ಕಡೆ ಪೊಲೀಸರು ಹೇಳಿದ್ದೇ 'ಕಾರಣ'ದ ಕಾಲಂಗೆ ಹೋಗಿತ್ತು! ಬಿಕಾಂ ಓದಿದ ನನಗೆ ಇದು ವೋಚರ್ ಇಲ್ಲದ ಲೆಜರ್ ಎಂಟ್ರಿ ಥರ ಕಾಣ್ತು.

ಆದ್ರೆ 98 ಅಂದ್ರೆ ಸೊನ್ನೆ ಅಲ್ವಲ್ಲ. ಮಿತವಾಗಿ ಬಳಸಿದರೆ ಮನಸ್ಸಿಗೆ ಹಾನಿಯಿಲ್ಲ ಎಂದ ಆಯೋಗವೇ, ಅತಿಯಾದ ಬಳಕೆ ಮಾನಸಿಕ ಅಸ್ಥಿರತೆಯನ್ನು ಹೆಚ್ಚಿಸುತ್ತದೆ ಎಂದೂ ಹೇಳಿದೆ. ಈ ಮಾತನ್ನ ಯಾರೂ ಫಾರ್ವರ್ಡ್ ಮಾಡಲ್ಲ.

ಇನ್ನೊಂದು ವಿಷಯ. ನಶೆ ಏರಿಸುವ ಟಿಎಚ್‌ಸಿಯನ್ನು ಬೇರ್ಪಡಿಸಿ ಗುರುತಿಸಿದ್ದೇ 1964ರಲ್ಲಿ. ಅಂದ್ರೆ ಮಾಲಲ್ಲಿ ಟಿಎಚ್‌ಸಿ ಎಷ್ಟಿದೆ ಅಂತ ಅಳೆಯೋ ದಾರಿ ಆಯೋಗಕ್ಕೆ ಇರಲೇ ಇಲ್ಲ. ಯುರೋಪ್, ಬ್ರೆಜಿಲ್‌ನ 11 ಕಡೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನ ಅದನ್ನೂ ಲೆಕ್ಕಕ್ಕೆ ತಗೊಂಡಿತು: ಶೇ. 10 ಅಥವಾ ಅದಕ್ಕಿಂತ ಹೆಚ್ಚು ಟಿಎಚ್‌ಸಿ ಇರೋ ಗಾಂಜಾವನ್ನ ದಿನಾ ಸೇದೋರಲ್ಲಿ ಸೈಕೋಸಿಸ್ ಸಾಧ್ಯತೆ, ಎಂದೂ ಮುಟ್ಟದವರಿಗಿಂತ ಹೆಚ್ಚುಕಮ್ಮಿ ಐದು ಪಟ್ಟು.